ಟೀಚರ್ ಆಗಬೇಕು ಅಂತ ನಿಮಗೆ ಅನಿಸಿದ್ದು ಯಾವ ಅನುಭವದಿಂದ?

ಹಾಸನದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದೇನೆ. ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಈ ಕೆಲಸ ಬಿಟ್ಟು ಬಿ.ಎಡ್. ಸೇರಬೇಕು ಅಂತ ಮನಸ್ಸಾಗಿದೆ. ಮನೆಯಲ್ಲಿ ಹೇಳಿದೆ. ಅಪ್ಪ ಬೈಯಲಿಲ್ಲ. "ಎರಡು ವರ್ಷ ಸಂಬಳ ಬಿಟ್ಟು ಓದಬೇಕು. ಆಮೇಲೂ ಕೆಲಸ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ಯಾಕೆ ಅಂತ ಒಂದು ಕಾರಣ ಹೇಳು, ಸಾಕು" ಅಂದರು. ನನಗೆ ಸರಿಯಾಗಿ ಹೇಳಲು ಬರಲಿಲ್ಲ.

ಟೀಚರ್ ಆದವರ ಮಾತು ಕೇಳಿದರೆ ಎಲ್ಲರ ಹಿಂದೆಯೂ ಒಬ್ಬ ದೊಡ್ಡ ಗುರು ಇರುತ್ತಾರೆ. ಫೀಸು ಕಟ್ಟಿದವರು, ಮನೆಗೆ ಕರೆದು ಊಟ ಹಾಕಿ ಓದಿಸಿದವರು. ನನ್ನ ಶಾಲೆಯಲ್ಲಿ ಹಾಗೆ ಯಾರೂ ಇರಲಿಲ್ಲ. ಒಳ್ಳೆಯವರೇ, ಪಾಠ ಮಾಡುತ್ತಿದ್ದರು, ಅಷ್ಟೇ.

ನನ್ನ ಹತ್ತಿರ ಇರುವುದು ಇದೊಂದು. ನಮ್ಮ ಪಿ.ಜಿ.ಯಲ್ಲಿ ಅಡುಗೆ ಮಾಡುವ ಅಕ್ಕನ ಮಗಳು ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಒಂದು ಸಂಜೆ ಭಿನ್ನರಾಶಿ ಲೆಕ್ಕ ಇಟ್ಟುಕೊಂಡು ಕೂತಿದ್ದಳು. ಮೂರನೇ ಒಂದು ದೊಡ್ಡದಾ, ನಾಲ್ಕನೇ ಒಂದು ದೊಡ್ಡದಾ ಅಂತ ಕೇಳಿದೆ. ನಾಲ್ಕನೇ ಒಂದು ಅಂದಳು. "ನಾಲ್ಕು ದೊಡ್ಡದಲ್ವಾ ಅಕ್ಕ?" ಅಂತ ನನ್ನನ್ನೇ ಕೇಳಿದಳು. ಕಾಗದವನ್ನು ಒಂದೇ ಉದ್ದದ ಪಟ್ಟಿಗಳಾಗಿ ಕತ್ತರಿಸಿ ಕೊಟ್ಟು, ಒಂದನ್ನು ಮೂರು ಸಮ ಭಾಗ, ಇನ್ನೊಂದನ್ನು ನಾಲ್ಕು ಸಮ ಭಾಗ ಮಡಚು ಅಂದೆ. ಮಡಚಿ ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಾನು ಹೇಳದೆ ಇದ್ದರೂ ಐದನೇ ಒಂದು, ಆರನೇ ಒಂದು, ಎಂಟನೇ ಒಂದು ಎಲ್ಲ ಮಾಡಿ ಸಾಲಾಗಿ ಜೋಡಿಸಿದಳು. ಈಗ ದಿನಾ ಸಂಜೆ ಕಾಯುತ್ತಾಳೆ. ನಾನೂ ಆಫೀಸಿನಿಂದ ಬೇಗ ಬರಬೇಕು ಅಂತ ಒದ್ದಾಡುತ್ತೇನೆ.

ಇಷ್ಟು ಸಣ್ಣದನ್ನು ನಂಬಿಕೊಂಡು ಕೆಲಸ ಬಿಡಬಹುದಾ? ನಿಮ್ಮನ್ನು ಈ ಕಡೆಗೆ ತಂದದ್ದು ಏನು? ದಯವಿಟ್ಟು ನಿಜವಾಗಿ ನಡೆದದ್ದನ್ನೇ ಹೇಳಿ.

ಗಣಿತ ಮೇಷ್ಟ್ರು, ಹಾವೇರಿ:

ಮೇಷ್ಟ್ರಾಗುವ ವಿಚಾರ ನನಗೆ ಇರಲೇ ಇಲ್ಲ ತಂಗಿ. ಎಂ.ಎಸ್ಸಿ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತ ಊರಲ್ಲಿದ್ದೆ. ನಮ್ಮೂರ ಹೈಸ್ಕೂಲಿನಲ್ಲಿ ಗಣಿತದ ಹುದ್ದೆ ಖಾಲಿ ಇತ್ತು. ಅತಿಥಿ ಶಿಕ್ಷಕರಾಗಿ ಬರಲು ಬಿ.ಎಡ್. ಆದವರು ಯಾರೂ ಸಿಗಲಿಲ್ಲ. ಹೆಡ್ ಮಾಸ್ತರರು ನಮ್ಮ ಮನೆ ಕಟ್ಟೆಗೇ ಬಂದು ಕೂತರು. "ಹತ್ತನೇ ಹುಡುಗರು ಈ ವರ್ಷ ಹಾಳಾಗ್ತಾರಪ್ಪ, ಬಾ" ಅಂದರು. ಗೌರವಧನ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಆದರೂ ಹೋದೆ.

ಎಂಟನೇ ಕ್ಲಾಸಿನ ಒಬ್ಬ ಹುಡುಗ ಕೇಳಿದ: "ಸರ್, ಋಣ ಇಂಟು ಋಣ ಧನ ಯಾಕೆ ಆಗ್ತದೆ? ಸಾಲ ಇಂಟು ಸಾಲ ಅಂದ್ರೆ ಇನ್ನೂ ಜಾಸ್ತಿ ಸಾಲ ಆಗ್ಬೇಕಲ್ಲ?" ಅವನ ಅಪ್ಪನಿಗೆ ಸಾಲ ಇತ್ತು, ಹಾಗಾಗಿ ಅವನಿಗೆ ಅದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. ನಿಯಮ ಹೇಳಿ ಮುಂದೆ ಹೋಗಬಹುದಿತ್ತು. ಬೋರ್ಡಿನ ಮೇಲೆ ಹೀಗೆ ಬರೆದೆ. ಋಣ 2 ಇಂಟು 3 ಅಂದರೆ ಋಣ 6. ಇಂಟು 2 ಅಂದರೆ ಋಣ 4. ಇಂಟು 1 ಅಂದರೆ ಋಣ 2. ಇಂಟು 0 ಅಂದರೆ 0. ಒಂದೊಂದು ಸಾಲು ಇಳಿದ ಹಾಗೆ ಉತ್ತರ ಎರಡೆರಡು ಏರುತ್ತಿದೆ. ಹಾಗಾದರೆ ಇಂಟು ಋಣ 1 ಎಷ್ಟಾಗಬೇಕು? ಹಿಂದಿನ ಬೆಂಚಿನಿಂದ "ಎರಡು!" ಅಂತ ಕೂಗು ಬಂತು. ಕೇಳಿದ ಹುಡುಗ ಮಾತ್ರ ಒಪ್ಪಲಿಲ್ಲ. "ಏರಿಕೆ ಗೊತ್ತಾತು ಸರ್, ಸಾಲದ್ದು ಹೇಳ್ರಿ" ಅಂದ. ಮರುದಿನ ಹೇಳಿದೆ: ದಿನಾ ಎರಡು ರೂಪಾಯಿ ಸಾಲ ಮಾಡುವವನ ಹತ್ತಿರ ನಿನ್ನೆ ಎಷ್ಟಿತ್ತು? ಇವತ್ತಿಗಿಂತ ಎರಡು ರೂಪಾಯಿ ಜಾಸ್ತಿ ಇತ್ತು. ಹಿಂದಕ್ಕೆ ಹೋಗುವುದು ಒಂದು ಋಣ, ಸಾಲ ಇನ್ನೊಂದು ಋಣ. ಆಗ ತಲೆ ಆಡಿಸಿದ.

ಬ್ಯಾಂಕ್ ಪರೀಕ್ಷೆಯ ಪುಸ್ತಕ ಆ ವರ್ಷವೇ ಕಟ್ಟಿಟ್ಟೆ. ಮುಂದಿನ ವರ್ಷ ಬಿ.ಎಡ್. ಸೇರಿದೆ. ನನ್ನ ಸಲಹೆ ಇಷ್ಟೇ: ಬಿ.ಎಡ್. ಸೇರುವ ಮೊದಲು ಒಂದು ಪೂರ್ತಿ ತರಗತಿಯ ಮುಂದೆ ನಿಂತು ನೋಡಿ.

ಬಂಟ್ವಾಳದ ಟೀಚರ್:

ತಂಗಿ, ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಿಮ್ಮ ಪ್ರಶ್ನೆ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಸ್ವಲ್ಪ ಉದ್ದ ಉಂಟು, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಕಡೆ ಆಗ ಹೆಚ್ಚಿನ ಬಡ ಮನೆಗಳಲ್ಲಿ ಅದೇ ಆದಾಯ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಎಲೆ ನೆನೆಸಿ, ಕತ್ತರಿಸಿ, ಕಟ್ಟಿ, ಬೀಡಿಯನ್ನು ಬ್ರಾಂಚಿಗೆ ಕೊಡುವುದು. ಅಲ್ಲಿ ಎಣಿಸಿ ಪುಸ್ತಕದಲ್ಲಿ ಬರೆದುಕೊಡುತ್ತಾರೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನದಿಂದ ನನ್ನ ಹೈಸ್ಕೂಲ್ ಪುಸ್ತಕಗಳು ಬಂದವು. ನನಗೂ ಬೀಡಿ ಕಟ್ಟಲು ಬರುತ್ತದೆ. ಶಾಲೆಯಿಂದ ಬಂದು ಚಾ ಕುಡಿದು ಮೊರ ಹಿಡಿದು ಕೂರುವುದೇ.

1990ರ ಹೊತ್ತಿಗೆ ನನ್ನ ಪಿಯುಸಿ ಮುಗಿದಿತ್ತು. ಅದು ಅಂತಾರಾಷ್ಟ್ರೀಯ ಸಾಕ್ಷರತಾ ವರ್ಷ. ಪಕ್ಕದ ಕೇರಳದಲ್ಲಿ ಎರ್ನಾಕುಳಂ ಆ ವರ್ಷದ ಫೆಬ್ರವರಿಯಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಅಂತ ಹೆಸರಾಗಿತ್ತು. ನಮ್ಮ ದಕ್ಷಿಣ ಕನ್ನಡಕ್ಕೂ ಸಂಪೂರ್ಣ ಸಾಕ್ಷರತಾ ಆಂದೋಲನ ಬಂತು. ಉಡುಪಿ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು, ಬೇರೆ ಆದದ್ದು 1997ರಲ್ಲಿ. ಊರೂರಲ್ಲಿ ಜಾಥಾ, ಬೀದಿನಾಟಕ, ಹಾಡು. ಓದು ಬರುವ ಹುಡುಗ ಹುಡುಗಿಯರು ಸಂಬಳ ಇಲ್ಲದೆ ಕಲಿಸಬೇಕು, ಮುಖ್ಯವಾಗಿ 15ರಿಂದ 35 ವರ್ಷದವರಿಗೆ. ನಮ್ಮ ಊರಲ್ಲಿ ಹೆಸರು ಕೇಳಿದಾಗ ಅಮ್ಮನೇ ನನ್ನ ಹೆಸರು ಕೊಟ್ಟರು.

ಕ್ಲಾಸು ನಡೆದದ್ದು ನೆರೆಮನೆಯ ಚಾವಡಿಯಲ್ಲಿ, ರಾತ್ರಿ ಅಡುಗೆ ಆದ ಮೇಲೆ. ಬಂದವರೆಲ್ಲ ಹೆಂಗಸರು. ಕೆಲವರ ಮನೆಮಾತು ತುಳು, ಕೆಲವರದ್ದು ಬ್ಯಾರಿ. ನನ್ನನ್ನು ಎತ್ತಿ ಆಡಿಸಿದವರೂ ಇದ್ದರು. ಮರುದಿನದ ಬೀಡಿ ಬಾಕಿ ಇರುತ್ತಿತ್ತಲ್ಲ, ಹಾಗಾಗಿ ಎಲ್ಲರೂ ಮೊರ ತಂದು ತೊಡೆ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದರು. ಕೈ ಕಟ್ಟುತ್ತಾ ಇರುತ್ತದೆ, ಕಣ್ಣು ಬೋರ್ಡಿನ ಮೇಲೆ. ತರಬೇತಿಯಲ್ಲಿ ನಮಗೆ ಪುಸ್ತಕ ಹೇಗೆ ಹಿಡಿಯಬೇಕು, ಯಾವ ಪಾಠ ಯಾವಾಗ ಅಂತೆಲ್ಲ ಹೇಳಿಕೊಟ್ಟಿದ್ದರು. ಆದರೆ ಆ ಹೆಂಗಸರಿಗೆ ಬೇಕಾದದ್ದು ಎರಡೇ. ಒಂದು, ಪಿ.ಎಫ್. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಬದಲು ತಮ್ಮ ಹೆಸರು ಬರೆಯಬೇಕು. ಎರಡು, ಬ್ರಾಂಚಿನ ಪುಸ್ತಕದಲ್ಲಿ ಏನು ಬರೆದಿದ್ದಾರೆ ಅಂತ ತಾವೇ ಓದಬೇಕು.

ಹೆಸರಿನಿಂದ ಶುರು ಮಾಡಿದೆ. ಅ ಆ ಇ ಈ ಅಂತ ಹೋಗಲಿಲ್ಲ. ಅವರವರ ಹೆಸರಿನ ಅಕ್ಷರಗಳೇ ಅವರವರ ಮೊದಲ ಪಾಠ. ಒಬ್ಬರ ಹೆಸರಿನ ಅಕ್ಷರ ಇನ್ನೊಬ್ಬರ ಹೆಸರಿನಲ್ಲಿ ಸಿಕ್ಕಿದರೆ ದೊಡ್ಡ ಗಲಾಟೆ, "ಇದು ನನ್ನದಲ್ವಾ, ಇವಳ ಹತ್ತಿರ ಹೇಗೆ ಹೋಯಿತು" ಅಂತ. ನೂಲಿನಲ್ಲಿ ಕ್ಷಣದಲ್ಲಿ ಗಂಟು ಹಾಕುವ ಬೆರಳುಗಳು ಸ್ಲೇಟಿನ ಕಡ್ಡಿ ಹಿಡಿದರೆ ಬಿಗಿದುಕೊಳ್ಳುತ್ತಿದ್ದವು. ಕಡ್ಡಿ ಪಟ್ ಅಂತ ಮುರಿಯುತ್ತಿತ್ತು. ನಾಚಿಕೆಯಿಂದ ಕೆಲವರು ಮರುದಿನ ಬರುತ್ತಲೇ ಇರಲಿಲ್ಲ. ಆಮೇಲೆ ಇದ್ದಿಲಿನಲ್ಲಿ ನೆಲದ ಮೇಲೆ ದೊಡ್ಡದಾಗಿ ಬರೆಸಿದೆ. ದೊಡ್ಡ ಅಕ್ಷರಕ್ಕೆ ಬೆರಳು ಬಿಗಿ ಹಿಡಿಯಬೇಕಾಗಿಲ್ಲ, ತೋಳು ಆಡಿದರೆ ಸಾಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೂರರವರೆಗೆ ಸಂಖ್ಯೆ ಬರೆಯಲು ಎಲ್ಲರೂ ಕಲಿತರು. ಬ್ರಾಂಚಿನ ಲೆಕ್ಕ ಸಾವಿರದಲ್ಲಿ. ಒಂದು ರಾತ್ರಿ "ಸಾವಿರದ ಐದು" ಬರೆಯಿರಿ ಅಂದೆ. ಒಬ್ಬ ಅಕ್ಕ 10005 ಅಂತ ಬರೆದರು. ತಿದ್ದಿದೆ. "ಸಾವಿರದ ಇಪ್ಪತ್ತು" ಅಂದೆ. 100020 ಅಂತ ಬರೆದರು. ಮತ್ತೆ ತಿದ್ದಿದೆ. ಅವರು ಒಪ್ಪಿಕೊಂಡ ಹಾಗೆ ತಲೆ ಅಲ್ಲಾಡಿಸಿದರು, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಮನೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಯಾಕೆ ಅಂದರೆ ಆ ಅಕ್ಕನಿಗೆ ಲೆಕ್ಕ ಬಾರದೆ ಇರಲಿಲ್ಲ. ಇಷ್ಟು ಎಲೆಗೆ ಎಷ್ಟು ಬೀಡಿ ಆಗಬೇಕು, ವಾರಕ್ಕೆ ಎಷ್ಟು ದುಡ್ಡು ಬರಬೇಕು, ಅಂಗಡಿಯ ಸಾಲ ಕಳೆದು ಎಷ್ಟು ಉಳಿಯುತ್ತದೆ, ಎಲ್ಲ ಬಾಯಲ್ಲೇ ಹೇಳುತ್ತಿದ್ದರು. ನಾನು ಕಾಗದ ಪೆನ್ನು ಹಿಡಿದು ಮಾಡುವುದಕ್ಕಿಂತ ಬೇಗ. ಇಂಥವರು 10005 ಬರೆದರು ಅಂದರೆ ಅದರ ಹಿಂದೆ ಏನೋ ಯೋಚನೆ ಇರಲೇಬೇಕು. ಬಾಯಲ್ಲಿ ಮತ್ತೆ ಮತ್ತೆ ಹೇಳಿ ನೋಡಿದೆ. ಸಾವಿರ, ಆಮೇಲೆ ಐದು. ಸಾವಿರಕ್ಕೆ 1000, ಅದರ ಪಕ್ಕ 5. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದರು! ಅವರ ಕಡೆಯಿಂದ ನೋಡಿದರೆ ಅದು ಪೂರ್ತಿ ಸರಿ. ನಾವು ಬರೆಯುವ ಕ್ರಮವೇ ವಿಚಿತ್ರ. ಆ ಮೂರು ಸೊನ್ನೆಗಳಲ್ಲಿ ಒಂದು ಎಲ್ಲಿ ಮಾಯ ಆಗುತ್ತದೆ ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಶಾಲೆಯಲ್ಲಿ ಕಲಿಸಿದರು, ಕಲಿತಿದ್ದೆ.

ಮರುದಿನ ನೆಲದ ಮೇಲೆ ನಾಲ್ಕು ಮನೆ ಬರೆದೆ. ಸಾವಿರದ ಮನೆ, ನೂರರ ಮನೆ, ಹತ್ತರ ಮನೆ, ಬಿಡಿಯ ಮನೆ. ಅವರದ್ದೇ ಬೀಡಿಗಳನ್ನು ತೆಗೆದುಕೊಂಡು ಹತ್ತರ ಕಟ್ಟು, ನೂರರ ಕಟ್ಟು ಮಾಡಿಸಿದೆ. ಸಾವಿರದ ಐದು ಅಂದರೆ ಸಾವಿರದ ಮನೆಯಲ್ಲಿ ಒಂದು. ನೂರರ ಮನೆಯಲ್ಲಿ ಕಟ್ಟು ಉಂಟಾ? ಇಲ್ಲ. ಇಲ್ಲ ಅಂತ ತೋರಿಸಲು ಒಂದು ಸೊನ್ನೆ. ಹತ್ತರ ಮನೆ? ಅಲ್ಲೂ ಇಲ್ಲ, ಸೊನ್ನೆ. ಬಿಡಿ ಐದು. ಆ ಅಕ್ಕ ನೆಲವನ್ನೇ ನೋಡುತ್ತಾ "ಓ, ಸೊನ್ನೆ ಅಂದರೆ ಖಾಲಿ ಮನೆಯಾ? ನಿನ್ನೆಯೇ ಹೇಳಬಾರದಿತ್ತಾ?" ಅಂದರು. ಆಮೇಲೆ ಸಾವಿರದ ಐನೂರ ಮೂವತ್ತು, ಎರಡು ಸಾವಿರದ ಎಂಟು, ಏನು ಕೊಟ್ಟರೂ ತಪ್ಪಲಿಲ್ಲ. ಪಕ್ಕದವರಿಗೆ ಅವರೇ ಹೇಳಿಕೊಟ್ಟರು.

ಕೆಲವು ದಿನ ಕಳೆದು ಅವರು ಬ್ರಾಂಚಿನ ಪುಸ್ತಕ ತಂದು ನನ್ನ ಮುಂದೆ ಓದಿದರು. ಕೊಟ್ಟದ್ದು ಒಂದು ಕಡೆ, ಸರಿ ಇಲ್ಲ ಅಂತ ತೆಗೆದುಹಾಕಿದ ಬೀಡಿ ಇನ್ನೊಂದು ಕಡೆ. ತೆಗೆದುಹಾಕಿದ್ದು ಅಷ್ಟು ಅಂತ ಅವರಿಗೆ ಅದುವರೆಗೆ ಗೊತ್ತಿರಲಿಲ್ಲ. ಮರುದಿನ ಹೋಗಿ, ಯಾವ ಬೀಡಿ, ಯಾಕೆ ಸರಿ ಇಲ್ಲ, ತೋರಿಸಿ ಅಂತ ಕೇಳಿದರಂತೆ. ಅಲ್ಲಿಂದ ಮುಂದೆ ನಮ್ಮ ಕ್ಲಾಸಿನವರು ಪುಸ್ತಕ ಓದಿ ನೋಡಿಯೇ ಮನೆಗೆ ಬರುತ್ತಿದ್ದರು.

ಈ ಕಥೆ ಹೇಳಿದರೆ ಎಲ್ಲರೂ ಬ್ರಾಂಚಿನಲ್ಲಿ ಕೇಳಿದ್ದನ್ನೇ ಮೆಚ್ಚುತ್ತಾರೆ. ಅದು ದೊಡ್ಡದೇ, ಆದರೆ ಅದು ಆ ಅಕ್ಕನ ಧೈರ್ಯ. ನನ್ನನ್ನು ಟೀಚರ್ ಮಾಡಿದ್ದು ನಿದ್ದೆ ಬಾರದ ಆ ರಾತ್ರಿ. ಒಬ್ಬರು ತಪ್ಪು ಬರೆದಾಗ "ಇವರಿಗೆ ಬರುವುದಿಲ್ಲ" ಅಂತ ಅನಿಸದೆ "ಇವರು ಹೀಗೆ ಯಾಕೆ ಯೋಚನೆ ಮಾಡಿದರು" ಅಂತ ತಲೆ ಕೊರೆಯಿತು. ಅದು ಒಮ್ಮೆ ಹಿಡಿದರೆ ಬಿಡುವುದಿಲ್ಲ. ನಿಮ್ಮ ಹುಡುಗಿ "ನಾಲ್ಕು ದೊಡ್ಡದಲ್ವಾ" ಅಂದದ್ದೂ ಅದೇ ಜಾತಿಯದ್ದು. ಸಂಖ್ಯೆಗಳಲ್ಲಿ ಅವಳು ಅಲ್ಲಿಯವರೆಗೆ ಕಲಿತ ನಿಯಮವನ್ನೇ ಹಾಕಿದಳು. ನೀವು ಗದರಲಿಲ್ಲ, ಕಾಗದ ಕತ್ತರಿಸಿದಿರಿ. ನಿಮ್ಮ ಅಪ್ಪನಿಗೆ ಹೇಳಲು ಇದಕ್ಕಿಂತ ಗಟ್ಟಿ ಕಾರಣ ಬೇಕು ಅಂತ ನನಗೆ ಅನಿಸುವುದಿಲ್ಲ.

ಹಾಸನದ ಹುಡುಗಿ:

ಮೇಡಂ, ನಿಮ್ಮ ಉತ್ತರ ಎರಡು ಸಲ ಓದಿದೆ. ಸರ್, ನಿಮಗೂ ಧನ್ಯವಾದ, ಸಾಲದ ವಿವರಣೆ ನನಗೇ ಹೊಸದು. ಆದರೆ ಒಂದು ಭಯ ಇದೆ. ಒಬ್ಬಳ ಪಕ್ಕ ಕೂತು ಅವಳ ಯೋಚನೆ ಹುಡುಕುವುದು ಬೇರೆ. ಮೂವತ್ತು ಮಕ್ಕಳು, ಗಂಟೆ, ಪಾಠ ಮುಗಿಸುವ ಒತ್ತಡ, ಇದರ ನಡುವೆ ಆ ಕುತೂಹಲ ಉಳಿಯುತ್ತದಾ? ನಿಮಗೆ ಉಳಿದಿದೆಯಾ?

ಬಂಟ್ವಾಳದ ಟೀಚರ್:

ಒಳ್ಳೆಯ ಪ್ರಶ್ನೆ. ಉಳಿಸಿಕೊಳ್ಳಬೇಕು ತಂಗಿ, ತಾನಾಗಿ ಉಳಿಯುವುದಿಲ್ಲ.

ಆಂದೋಲನದ ನಂತರ ಟಿ.ಸಿ.ಎಚ್. ಮಾಡಿದೆ. ಈಗ ಡಿ.ಎಲ್.ಎಡ್. ಅನ್ನುತ್ತಾರಲ್ಲ, ಆಗ ಪ್ರಾಥಮಿಕ ಶಾಲೆಯ ಟೀಚರ್ ಆಗಲು ಪಿಯುಸಿ ಮೇಲೆ ಮಾಡುತ್ತಿದ್ದ ಎರಡು ವರ್ಷದ ತರಬೇತಿ ಅದು. ಪಾಠ ಯೋಜನೆ, ಚಾರ್ಟು, ಮಾದರಿ ಪಾಠ ಎಲ್ಲ ಕಲಿತೆ, ಉಪಯೋಗಕ್ಕೆ ಬಂತು. ಮೊದಲ ಶಾಲೆ ಘಟ್ಟದ ಬುಡದಲ್ಲಿ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಹೋಗಬೇಕು. ಅಡಿಕೆ ಮರ ಅಡ್ಡ ಹಾಕಿ ಮಾಡಿದ ಸಂಕ, ಕೈ ಹಿಡಿಯಲು ಒಂದು ಹಗ್ಗ. ತೋಡು ತುಂಬಿದ ದಿನ ಆಚೆ ದಡದ ಮಕ್ಕಳು ಬರುವುದಿಲ್ಲ, ಬಂದಿದ್ದರೆ ಅವರನ್ನು ಮನೆ ಮುಟ್ಟಿಸುವವರೆಗೆ ಜೀವದಲ್ಲಿ ಜೀವ ಇರುವುದಿಲ್ಲ. ಇಡೀ ಶಾಲೆಗೆ ಇಬ್ಬರೇ ಟೀಚರ್. ಒಂದೇ ಕೋಣೆಯಲ್ಲಿ ಎರಡೆರಡು ಕ್ಲಾಸು.

ಅಲ್ಲಿ ಮೂರನೇ ಕ್ಲಾಸಿನ ಒಬ್ಬ ಹುಡುಗ "ನೂರ ಐದು" ಅಂದರೆ 1005 ಅಂತ ಬರೆದ. ಬೀಡಿ ಕಟ್ಟುವ ಆ ಅಕ್ಕನದ್ದೇ ಯೋಚನೆ, ಎಂಟು ವರ್ಷದ ಹುಡುಗನಲ್ಲಿ. ನನಗೆ ಆಗ ಆದ ಸಂತೋಷ ಹೇಳಲು ಬರುವುದಿಲ್ಲ. ಏನು ಮಾಡಬೇಕು ಅಂತ ಗೊತ್ತಿತ್ತು. ಹಿಡಿಕಡ್ಡಿ ತಂದು ಹತ್ತರ ಕಟ್ಟು, ನೂರರ ಕಟ್ಟು ಮಾಡಿಸಿದೆ, ನೆಲದ ಮೇಲೆ ಮನೆ ಬರೆದೆ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ತಂಡದಲ್ಲೂ ಯಾರಾದರೂ ಒಬ್ಬರು ಹಾಗೆ ಬರೆದೇ ಬರೆಯುತ್ತಾರೆ.

ಆಗ ಶುರು ಮಾಡಿದ ಒಂದು ಅಭ್ಯಾಸ ಈಗಲೂ ಉಂಟು. ಮಕ್ಕಳ ತಪ್ಪು ಉತ್ತರಗಳಿಗೆ ಒಂದು ನೋಟ್ ಪುಸ್ತಕ. ಹೆಸರು ಬರೆಯುವುದಿಲ್ಲ, ಉತ್ತರ ಮಾತ್ರ, ಪಕ್ಕದಲ್ಲಿ ಯಾಕೆ ಅಂತ ನನ್ನ ಊಹೆ. 52ರಲ್ಲಿ 27 ಕಳೆದರೆ 35 ಅಂತ ಬರೆಯುವ ಮಕ್ಕಳು ಬಹಳ. ಐದರಲ್ಲಿ ಎರಡು ಹೋದರೆ ಮೂರು, ಸರಿ. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆಯುತ್ತಾರೆ. "ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು" ಅಂತ ನಾವೇ ಹೇಳಿಕೊಟ್ಟದ್ದಲ್ವಾ! ಇನ್ನೊಂದು, "ಅಕ್ಕ" ಬರೆಯಲು ಹೇಳಿದರೆ "ಅಕಕ" ಅಂತ ಬರೆಯುವುದು. ಕಿವಿಗೆ ಎರಡು ಕ ಕೇಳುತ್ತದೆ, ಎರಡು ಕ ಬರೆಯುತ್ತಾರೆ. ಒತ್ತಕ್ಷರ ಕೆಳಗೆ ಹೋಗಬೇಕು ಅಂತ ಕಿವಿ ಹೇಳುವುದಿಲ್ಲ. ಮೂವತ್ತು ಮಕ್ಕಳಿದ್ದರೆ ಮೂವತ್ತು ಬಗೆಯ ತಪ್ಪು ಇರುವುದಿಲ್ಲ ತಂಗಿ. ನಾಲ್ಕೈದು ಬಗೆ ಇರುತ್ತವೆ. ಅದು ಗೊತ್ತಾದರೆ ದೊಡ್ಡ ಕ್ಲಾಸಿನ ಭಯ ಅರ್ಧ ಕಡಿಮೆ ಆಗುತ್ತದೆ.

ನಲಿಕಲಿ, ಅಂದರೆ ಸಣ್ಣ ಕ್ಲಾಸಿನ ಮಕ್ಕಳು ಕಾರ್ಡುಗಳನ್ನು ಇಟ್ಟುಕೊಂಡು ಕಲಿಯುವ ಪದ್ಧತಿ, ಬಂದಾಗ ನಮ್ಮಲ್ಲಿ ಬಹಳ ಜನ ಗೊಣಗಿದರು. ಅದು ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದದ್ದು 2009–10ರಲ್ಲಿ. ಕಾರ್ಡುಗಳನ್ನು ಹೊಂದಿಸುವ ಕೆಲಸ ಜಾಸ್ತಿ, ಅದು ನಿಜ. ಆದರೆ ಮೊದಲ ಅಕ್ಷರಗಳು ರ, ಗ, ಸ, ದ, ಅ ಅಂತ ನೋಡಿದಾಗ ನನಗೆ ನಮ್ಮ ಚಾವಡಿಯ ಕ್ಲಾಸು ಕಂಡಿತು. ಐದೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ ಅಂತ ಓದಿಬಿಡುತ್ತದೆ. ಅ ಆ ಇ ಈ ಇಡೀ ಸಾಲು ಬಾಯಿಪಾಠ ಮಾಡಿದ ಮಗುವಿಗೆ ಓದಲು ಒಂದು ಪದವೂ ಸಿಗುವುದಿಲ್ಲ. ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ, ಒಬ್ಬೊಬ್ಬರ ಹೆಜ್ಜೆ ಒಂದೊಂದು. ಟೀಚರಿಗೆ ಒಂದು ಗುಂಪಿನ ಪಕ್ಕ ನೆಲದ ಮೇಲೆ ಕೂರಲು ಸಮಯ ಸಿಗುತ್ತದೆ. ಮನೆಯಲ್ಲಿ ಬ್ಯಾರಿ ಮಾತಾಡುವ ಒಂದು ಹುಡುಗಿ ನನ್ನ ಹತ್ತಿರ ಕನ್ನಡದಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಅವಳು ಗೆಳತಿಗೆ ಕಾರ್ಡು ಓದಿ ಹೇಳುವುದನ್ನು ಹಿಂದಿನಿಂದ ಕೇಳಿ ನಾನು ತಿಳಿದುಕೊಂಡೆ, ಇವಳಿಗೆ ಎಲ್ಲ ಬರುತ್ತದೆ ಅಂತ. ನಾನು ಬೋರ್ಡಿನ ಹತ್ತಿರವೇ ನಿಂತಿದ್ದರೆ ಅದು ಕಿವಿಗೆ ಬೀಳುತ್ತಿರಲಿಲ್ಲ.

ಒಂದು ದುಃಖವೂ ಉಂಟು. ನಮ್ಮ ಚಾವಡಿಯಲ್ಲಿ ಕಲಿತವರಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ಓದು ಮರೆತರು. ಓದಲು ಅವರ ಕೈಗೆ ಏನೂ ಸಿಗಲಿಲ್ಲ, ಮುಂದುವರಿಸಲು ಯಾರೂ ಬರಲಿಲ್ಲ. ಹೆಸರು ಬರೆಯುವುದು ಮತ್ತು ಪುಸ್ತಕದ ಲೆಕ್ಕ ಓದುವುದು ಮಾತ್ರ ಉಳಿಯಿತು, ದಿನಾ ಬೇಕಾಗುತ್ತಿತ್ತಲ್ಲ. ಹಾಗಾಗಿ ನಾನು ಶಾಲೆಯಲ್ಲಿ ಓದುವ ಪುಸ್ತಕಗಳಿಗಾಗಿ ಎಸ್‌.ಡಿ.ಎಂ.ಸಿ. ಸಭೆಯಲ್ಲಿ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯ ಸಭೆಯಲ್ಲಿ, ಹಟ ಹಿಡಿಯುತ್ತೇನೆ. ಬೆಂಚು ಆಮೇಲೆ ಬರಲಿ, ಮಕ್ಕಳ ಕೈಗೆ ಕಥೆ ಪುಸ್ತಕ ಮೊದಲು ಬರಲಿ ಅಂತ.

ಮೇಡಂ ಮಗಳು:

ನಮ್ಮ ಅಮ್ಮ ಸರ್ಕಾರಿ ಶಾಲೆ ಟೀಚರ್, ಈಗ ನಾನೂ. ಟೀಚರ್ ಅಕ್ಕ ಹೇಳಿದ್ದೆಲ್ಲ ನಿಜ, ಅದರ ಜೊತೆಗೆ ಇದನ್ನೂ ತಿಳಿದುಕೊಂಡು ಬನ್ನಿ. ನಾನು ಸಣ್ಣವಳಿದ್ದಾಗ ಅಮ್ಮ ರಾತ್ರಿ ಕೂತು ಬಿಸಿಯೂಟದ ಅಕ್ಕಿ ಲೆಕ್ಕ ಬರೆಯುತ್ತಿದ್ದರು. ಈಗ ಮೊಟ್ಟೆ, ಹಾಲಿನ ಪುಡಿ, ಶೂ, ಸಮವಸ್ತ್ರ ಎಲ್ಲದರ ಲೆಕ್ಕವೂ ಇದೆ, ಫೋನಿನಲ್ಲಿ ತುಂಬಬೇಕು. ಚುನಾವಣೆ ಕೆಲಸ, ಮತದಾರರ ಪಟ್ಟಿ ಕೆಲಸ. 2025ರ ದಸರಾ ರಜೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದೆವು. ಇದೆಲ್ಲ ನೋಡಿ ಬೆಳೆದೂ ನಾನು ಬಂದೆ. ಯಾಕೆ ಅಂದರೆ ಅಮ್ಮ ಎಷ್ಟು ಸುಸ್ತಾಗಿದ್ದರೂ ಊಟದ ಹೊತ್ತಿಗೆ ಯಾವುದೋ ಒಂದು ಮಗುವಿನ ಮಾತು ಹೇಳುತ್ತಿದ್ದರು, "ಇವತ್ತು ಅವನು ಏನು ಕೇಳಿದ ಗೊತ್ತಾ" ಅಂತ. ನಮ್ಮ ಮನೆಯಲ್ಲಿ ಬೇರೆ ಯಾರ ಕೆಲಸದ ಬಗ್ಗೆಯೂ ಊಟದ ಹೊತ್ತಲ್ಲಿ ಅಷ್ಟು ಮಾತು ಇರಲಿಲ್ಲ.

ಹಾಸನದ ಹುಡುಗಿಗೆ ಲೆಕ್ಕಾಚಾರ ಹೇಳುತ್ತೇನೆ. ಬಿ.ಎಡ್. ಎರಡು ವರ್ಷದ್ದು, ಅದರಲ್ಲಿ ವಾರಗಟ್ಟಲೆ ಶಾಲೆಯಲ್ಲೇ ಇದ್ದು ಪಾಠ ಮಾಡಬೇಕು. ಆರರಿಂದ ಎಂಟನೇ ತರಗತಿಗೆ ಸರ್ಕಾರಿ ಹುದ್ದೆ ಬೇಕಾದರೆ ಟಿಇಟಿಯ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ ಪಾಸಾಗಬೇಕು. 150 ಅಂಕಗಳ ಪರೀಕ್ಷೆ, ಸಾಮಾನ್ಯ ವರ್ಗಕ್ಕೆ ಶೇ 60 ಬೇಕು. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಆಮೇಲೆ ನೇಮಕಾತಿ ಪರೀಕ್ಷೆ ಬೇರೆ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಅಂಥ ಕರೆ ಪ್ರತಿ ವರ್ಷ ಬರುವುದಿಲ್ಲ. ನಡುವಿನ ವರ್ಷಗಳಿಗೆ ಖಾಸಗಿ ಶಾಲೆ ಅಥವಾ ಅತಿಥಿ ಶಿಕ್ಷಕಿ ಕೆಲಸ ಅಂತ ಮನೆಯಲ್ಲಿ ಈಗಲೇ ಹೇಳಿಡಿ. ಗಣಿತ, ವಿಜ್ಞಾನ ಹೇಳುವವರು ಹಳ್ಳಿ ಶಾಲೆಗಳಿಗೆ ಯಾವಾಗಲೂ ಬೇಕು.

ಹಾಸನದ ಹುಡುಗಿ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕಾಚಾರ ಬರೆದಿಟ್ಟುಕೊಂಡೆ. ಹಾವೇರಿ ಸರ್ ಹೇಳಿದ ಹಾಗೆ ಮೊದಲು ಒಂದು ಪೂರ್ತಿ ತರಗತಿ ನೋಡಬೇಕು. ನನಗೆ ಶನಿವಾರ ರಜೆ. ನಮ್ಮ ಏರಿಯಾದ ಸರ್ಕಾರಿ ಶಾಲೆಗೆ ಹೋಗಿ ಕೇಳಿದರೆ ಬಿಡುತ್ತಾರಾ?

ಬಂಟ್ವಾಳದ ಟೀಚರ್:

ಕೇಳಿ, ಹೆಚ್ಚಿನವರು ಖುಷಿಯಿಂದಲೇ ಒಪ್ಪುತ್ತಾರೆ. ನೇರ ಕ್ಲಾಸಿಗೆ ಹೋಗಬೇಡಿ, ಮೊದಲು ಮುಖ್ಯ ಶಿಕ್ಷಕರನ್ನು ನೋಡಿ. ಯಾರು, ಯಾಕೆ ಬಂದಿದ್ದೀರಿ ಅಂತ ಕನ್ನಡದಲ್ಲಿ ಒಂದು ಪತ್ರ ಬರೆದುಕೊಂಡು ಹೋಗಿ. ಬಿ.ಎಡ್. ಯೋಚನೆ ಉಂಟು ಅಂತ ಹೇಳಿ. ಶನಿವಾರ ಬೆಳಗಿನ ಶಾಲೆ, ಅರ್ಧ ದಿನ, ಹಾಗಾಗಿ ಬೇಗ ಹೋಗಬೇಕು. ಮಕ್ಕಳ ಫೋಟೋ ತೆಗೆಯಬೇಡಿ. ಮೊದಲ ಕೆಲವು ವಾರ ಪಾಠ ಮಾಡಲು ಹೋಗಬೇಡಿ, ಹಿಂದೆ ಕೂತು ಮಕ್ಕಳ ನೋಟ್ ಪುಸ್ತಕ ನೋಡಿ. ಆ ಟೀಚರಿಗೆ ಏನಾದರೂ ಸಹಾಯ ಬೇಕಾ ಅಂತ ಕೇಳಿ, ಅವರಿಗೂ ಒಂದು ಕೈ ಜಾಸ್ತಿ ಸಿಕ್ಕಿದ ಹಾಗೆ ಆಗುತ್ತದೆ.

ಜೂನ್‌ನಲ್ಲಿ ಹೋಗಲು ಆದರೆ ಇನ್ನೂ ಒಳ್ಳೆಯದು. ಶಾಲೆ ಶುರುವಾದ ಕೂಡಲೇ ಸೇತುಬಂಧ ನಡೆಯುತ್ತದೆ. ಹಿಂದಿನ ವರ್ಷದ ಕಲಿಕೆಯಲ್ಲಿ ಎಷ್ಟು ಉಳಿದಿದೆ ಅಂತ ಸಣ್ಣ ಪರೀಕ್ಷೆ ಮಾಡಿ, ಬಿಟ್ಟುಹೋದದ್ದನ್ನು ಕಲಿಸುತ್ತಾರೆ. ಮಕ್ಕಳ ತಪ್ಪುಗಳೆಲ್ಲ ಒಟ್ಟಿಗೆ ಕಣ್ಣಿಗೆ ಬೀಳುವುದು ಆಗಲೇ. ಆ ಉತ್ತರ ಪತ್ರಿಕೆಗಳನ್ನು ನೋಡಲು ಕೊಡುತ್ತೀರಾ ಅಂತ ಟೀಚರನ್ನು ಕೇಳಿ. ನೋಡಿದ ಮೇಲೆ ನಿಮಗೆ ಏನು ಕಂಡಿತು ಅಂತ ಇಲ್ಲಿ ಬರೆಯಿರಿ, ನಾನು ನನ್ನ ನೋಟ್ ಪುಸ್ತಕದ ಜೊತೆ ಹೋಲಿಸಿ ನೋಡುತ್ತೇನೆ.